ಅಳಿವೆಯ ಕೆಸರಿಗೆ ಏರ್‌ಬೋಟ್: ತಳ ಯಾವುದಿರಬೇಕು, ಎಂಜಿನ್ ಯಾವುದಿರಬೇಕು?

ಮಾಣಿಕಟ್ಟಾ ಗಜನಿಯವ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಅಘನಾಶಿನಿ ಅಳಿವೆಯ ದಂಡೆಯಲ್ಲಿದೆ. ಭರತದ ಹೊತ್ತಿನಲ್ಲಿ ಎಂಜಿನ್ ಕಟ್ಟಿದ ದೋಣಿ ನಮ್ಮ ಧಕ್ಕೆಯ ಮೆಟ್ಟಿಲಿಗೇ ಬಂದು ತಾಗುತ್ತದೆ. ಇಳಿತವಾಯಿತೆಂದರೆ ಅದೇ ಮೆಟ್ಟಿಲಿನಿಂದ ಹೊಳೆಯ ಹರಿವಿನವರೆಗೆ ಇನ್ನೂರು ಮೀಟರ್ ಕೆಸರು, ಅಲ್ಲಲ್ಲಿ ಹೊಯಿಗೆ ದಿಬ್ಬ, ನಡುನಡುವೆ ಗೇಣು ನೀರು. ಕಳೆದ ಮಳೆಗಾಲದಲ್ಲಿ ನೆರೆಮನೆಯ ಅಜ್ಜಿಗೆ ನಡುರಾತ್ರಿ ಎದೆನೋವು ಬಂದಾಗ ಇಳಿತವಿತ್ತು. ದೋಣಿಯ ಔಟ್‌ಬೋರ್ಡ್ ಎಂಜಿನ್ ನೀರು ಹೀರುವ ಜಾಲರಿಗೆ ರಾಡಿ ತುಂಬಿಕೊಂಡು ಕಾದುಹೋಯಿತು, ಅಷ್ಟರಲ್ಲಿ ಪಂಖದ ಪಿನ್ ತುಂಡಾಯಿತು, ಕೊನೆಗೆ ನಾವು ನಾಲ್ವರು ತೊಡೆಯವರೆಗೆ ಹುಗಿದುಕೊಂಡು ದೋಣಿಯನ್ನು ನೂಕಿದೆವು. ಅಜ್ಜಿ ಈಗ ಆರೋಗ್ಯವಾಗಿದ್ದಾರೆ, ಆದರೆ ಅಂದಿನಿಂದ ಈ ದಂಡೆಯ ಆರು ಮನೆಯವರು ಸೇರಿ ಒಂದು ಏರ್‌ಬೋಟ್, ಅಂದರೆ ಹಿಂಭಾಗದಲ್ಲಿ ದೊಡ್ಡ ಗಾಳಿಪಂಖ ಕಟ್ಟಿ ಓಡಿಸುವ ಚಪ್ಪಟೆ ತಳದ ದೋಣಿ, ಕಟ್ಟಿಸುವ ಆಲೋಚನೆಯಲ್ಲಿದ್ದೇವೆ. ಪಂಖ ನೀರಿನ ಮೇಲೆಯೇ ಇರುವುದರಿಂದ ಕೆಸರಿನ ಗೊಡವೆ ಇಲ್ಲವೆಂಬುದು ನಮ್ಮ ತಿಳಿವಳಿಕೆ.

ನಾಲ್ಕು ಜನ ಮತ್ತು ನೂರು ಕಿಲೋ ಸಾಮಾನು ಹೊರಬೇಕು. ಪೆಟ್ರೋಲು ಕುಮಟೆಯ ಬಂಕಿನದೇ ಆಗಬೇಕು. ಒಡಲಿಗೆ ಅಲ್ಯುಮಿನಿಯಂ ಒಳ್ಳೆಯದೋ, ಫೈಬರ್ ಒಳ್ಳೆಯದೋ? ಹಳೆಯ ವಿಮಾನದ ಎಂಜಿನ್ ಹುಡುಕಬೇಕೆಂದು ಒಬ್ಬರು, 300 ಅಶ್ವಶಕ್ತಿಯ, ಎಂಟು ಸಿಲಿಂಡರಿನ ವಿ8 ಕಾರ್ ಎಂಜಿನ್ನಿಗಿಂತ ಕಡಿಮೆಯದು ವ್ಯರ್ಥವೆಂದು ಇನ್ನೊಬ್ಬರು ಹೇಳುತ್ತಾರೆ. ತಿಳಿದವರು ದಾರಿ ತೋರಿಸಬೇಕು.

ಕೋಡಿಬಾಗ ದೋಣಿಕಟ್ಟೆ

ಎಂಜಿನ್ನಿನ ಮಾತನ್ನು ಸದ್ಯ ಬದಿಗಿಡಿ. ಹತ್ತಿರ ಹತ್ತಿರ ಎಲ್ಲರೂ ಅಲ್ಲಿಂದಲೇ ಆರಂಭಿಸುತ್ತಾರೆ, ಭಾರದ ಎಂಜಿನ್ ಕೊಂಡು, ಅದನ್ನು ಹೊರುವುದಕ್ಕೆ ದೊಡ್ಡ ಒಡಲು ಮಾಡಿಸಿ, ಆ ಒಡಲನ್ನು ನೂಕುವುದಕ್ಕೆ ಇನ್ನೂ ದೊಡ್ಡ ಎಂಜಿನ್ ಬೇಕೆನ್ನುವಲ್ಲಿಗೆ ಬಂದು ನಿಲ್ಲುತ್ತಾರೆ. ಮೊದಲು ತೂಕದ ಲೆಕ್ಕ ಹಿಡಿಯಿರಿ.

16 ಅಡಿ ಉದ್ದ, 7 ಅಡಿ ಅಗಲದ ಚಪ್ಪಟೆ ತಳದ ದೋಣಿಯಲ್ಲಿ, ಮೂತಿಯ ಏರು ಬಿಟ್ಟರೆ, ನೀರಿಗೆ ತಾಗುವ ತಳ ಸುಮಾರು 8.4 ಚದರ ಮೀಟರ್ ಸಿಗುತ್ತದೆ. ಉಪ್ಪುನೀರಿನಲ್ಲಿ ಅದು ಒಂದು ಸೆಂಟಿಮೀಟರ್ ಮುಳುಗಬೇಕಾದರೆ 86 ಕಿಲೋ ಹೇರಬೇಕು. ಅಂದರೆ ಒಡಲು, ಜನ, ಸಾಮಾನು, ಎಂಜಿನ್, ಇಂಧನ ಎಲ್ಲ ಸೇರಿ 900 ಕಿಲೋ ಆದರೆ ದೋಣಿ 10 ಸೆಂಟಿಮೀಟರಿಗಿಂತ ತುಸು ಹೆಚ್ಚು ಮುಳುಗಿ ನಿಲ್ಲುತ್ತದೆ. ನಿಮ್ಮ ಗೇಣು ನೀರಿಗೆ ಅದು ಧಾರಾಳವಾಯಿತು. ತೊಂದರೆ ಇರುವುದು ನೀರೇ ಇಲ್ಲದ ಕಡೆ. ಅಲ್ಲಿ ತಳ ಕೆಸರಿನ ಮೇಲೆ ಉಜ್ಜಿಕೊಂಡು ಹೋಗಬೇಕಾಗುತ್ತದೆ, ಅಲ್ಲಿ ಮುಖ್ಯವಾಗುವುದು ಮುಳುಗುವ ಆಳವಲ್ಲ, ಜಾರುವ ಗುಣ.

ನನ್ನ ಆಯ್ಕೆ ಅಲ್ಯುಮಿನಿಯಂ. 5083 ಅಥವಾ 5086 ಎಂಬ ಸಮುದ್ರ ದರ್ಜೆಯ ತಗಡೇ ಆಗಬೇಕು, ತಳಕ್ಕೆ 4 ಮಿ.ಮೀ. ದಪ್ಪ ಸಾಕು. ಅಳಿವೆಯ ಕಲ್ಲುಗಳಿಗೆ ಅಂಟಿಕೊಂಡಿರುವ ಚಿಪ್ಪುಗಳು ಫೈಬರಿನ ಮೇಲ್ಪದರವನ್ನು ಚಾಕುವಿನಂತೆ ಸೀಳುತ್ತವೆ, ಒಮ್ಮೆ ಒಳಪದರಕ್ಕೆ ನೀರು ಇಳಿದರೆ ಒಡಲಿನ ತೂಕ ನಿಮಗೆ ತಿಳಿಯದಂತೆಯೇ ಏರುತ್ತ ಹೋಗುತ್ತದೆ. ಅಲ್ಯುಮಿನಿಯಂ ತಗ್ಗಾಗುತ್ತದೆಯೇ ಹೊರತು ಸುಲಭವಾಗಿ ತೂತಾಗುವುದಿಲ್ಲ. ಆದರೆ ಅದರ ಮೇಲೆ ಸ್ಟೇನ್‌ಲೆಸ್ ಬೋಲ್ಟ್ ಹಾಕುವಲ್ಲೆಲ್ಲ ನೈಲಾನ್ ವಾಷರ್ ಮತ್ತು ಸೀಲೆಂಟ್ ಇರಲೇಬೇಕು. ಉಪ್ಪುನೀರಿನಲ್ಲಿ ಎರಡು ಲೋಹಗಳು ನೇರವಾಗಿ ತಾಗಿಕೊಂಡಿದ್ದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ತಾಮ್ರ ಬೆರೆತ ತಳದ ಬಣ್ಣವನ್ನಂತೂ ಹತ್ತಿರಕ್ಕೂ ತರಬೇಡಿ.

ತಳದ ಹೊರಮೈಗೆ ಗಟ್ಟಿ ಪಾಲಿಥಿಲೀನ್ ಪ್ಲಾಸ್ಟಿಕ್ಕಿನ ಹಾಳೆ ಹೊದಿಸುವ ಪದ್ಧತಿ ಅಮೆರಿಕದ ಫ್ಲಾರಿಡಾದಲ್ಲಿ ಸಾಮಾನ್ಯ. ಒಣನೆಲದ ಮೇಲೂ ದೋಣಿ ಜಾರುವುದು ಅದರಿಂದ. 10 ಮಿ.ಮೀ. ದಪ್ಪದ ಹಾಳೆ ಇಡೀ ತಳಕ್ಕೆ ನೂರು ಕಿಲೋದಷ್ಟು ತೂಗುತ್ತದೆ, ಆದರೆ ಅದು ನೀರಿಗಿಂತ ಹಗುರ. ಇಲ್ಲಿ ಎಚ್ಚರಿಕೆಯ ಒಂದು ಮಾತಿದೆ: ಈ ಹಾಳೆ ಬಿಸಿಲಿಗೆ ಬಹಳ ಹಿಗ್ಗುತ್ತದೆ, 5 ಮೀಟರ್ ಉದ್ದದ ಹಾಳೆ 30 ಡಿಗ್ರಿ ವ್ಯತ್ಯಾಸಕ್ಕೆ ಎರಡು ಸೆಂಟಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಆದ್ದರಿಂದ ಮೂರು ತುಂಡುಗಳಾಗಿ ಹಾಕಿಸಿ, ಬೋಲ್ಟಿನ ರಂಧ್ರಗಳನ್ನು ಉದ್ದುದ್ದ ಕೊರೆಸಿ. ಬಿಗಿಯಾಗಿ ಕೂರಿಸಿದರೆ ಹಾಳೆ ಹಪ್ಪಳದಂತೆ ಉಬ್ಬುತ್ತದೆ.

ಇನ್ನೊಂದು ಮಾತು ಜೀವಕ್ಕೆ ಸಂಬಂಧಿಸಿದ್ದು. ಏರ್‌ಬೋಟಿಗೆ ಬ್ರೇಕಿಲ್ಲ, ಹಿಂದಕ್ಕೆ ಹೋಗುವ ಗೇರಿಲ್ಲ, ಚುಕ್ಕಾಣಿಯ ಹಲಗೆಗಳು ಪಂಖದ ಗಾಳಿಯಲ್ಲಿ ನಿಂತಿರುವುದರಿಂದ ಗಾಳಿ ನಿಂತರೆ ತಿರುಗಿಸುವುದೂ ಇಲ್ಲ. ವೇಗದಲ್ಲಿರುವಾಗ ಥ್ರಾಟಲನ್ನು ಒಮ್ಮೆಲೇ ಬಿಟ್ಟರೆ, ಹಿಂದೆ ಎದ್ದು ಬರುತ್ತಿದ್ದ ಅಲೆ ಹಿಂಗೋಡೆಯನ್ನು ಹತ್ತಿ ಒಳಗೆ ಸುರಿಯುತ್ತದೆ. ಎಂಜಿನ್ನಿನ ಭಾರವೂ ಹಿಂದೆಯೇ ಇರುವುದರಿಂದ ದೋಣಿ ಮುಳುಗುವುದಕ್ಕೆ ಹೆಚ್ಚು ಹೊತ್ತು ಬೇಡ. ಹಾಗಾಗಿ ಹಿಂಗೋಡೆ ಎತ್ತರವಿರಲಿ, ಒಳಗೆ ನೀರು ಹೀರದ ಫೋಮನ್ನು ಕನಿಷ್ಠ ಅರ್ಧ ಘನ ಮೀಟರಿನಷ್ಟು ತುಂಬಿಸಿ.

ಶಿರಸಿ ಗ್ಯಾರೇಜು

ದೋಣಿಕಟ್ಟೆಯವರು ಹೇಳಿದ ತೂಕದ ಮಾತನ್ನೇ ಹಿಡಿದು ಎಂಜಿನ್ನಿನ ಕಡೆಯಿಂದ ಬರೆಯುತ್ತೇನೆ. ನನಗೆ ದೋಣಿಯ ಅನುಭವವಿಲ್ಲ, ಘಟ್ಟದ ಮೇಲಿನವನು. ಪಂಖದ ಅನುಭವ ಸ್ವಲ್ಪ ಇದೆ.

ವಿಮಾನದ ಎಂಜಿನ್ನಿಗೆ ಒಂದು ದೊಡ್ಡ ಗುಣವಿದೆ. ಲೈಕಮಿಂಗ್ ಓ-360 ತನ್ನ ಪೂರ್ತಿ 180 ಅಶ್ವಶಕ್ತಿಯನ್ನು ನಿಮಿಷಕ್ಕೆ 2,700 ಸುತ್ತಿನಲ್ಲೇ ಕೊಡುತ್ತದೆ, ಆದ್ದರಿಂದ ಪಂಖವನ್ನು ನೇರವಾಗಿ ಅದರ ದಂಡಕ್ಕೇ ಕಟ್ಟಬಹುದು. ಗಾಳಿಯಿಂದಲೇ ತಣಿಯುವುದರಿಂದ ರೇಡಿಯೇಟರ್ ಬೇಕಿಲ್ಲ. 72 ಇಂಚಿನ ಪಂಖ ಆ ಸುತ್ತಿನಲ್ಲಿ ತಿರುಗಿದಾಗ ಅದರ ತುದಿ ಸೆಕೆಂಡಿಗೆ 259 ಮೀಟರ್ ವೇಗದಲ್ಲಿ ಓಡುತ್ತದೆ. ಶಬ್ದದ ವೇಗ ನಮ್ಮ ಸೆಕೆಯಲ್ಲಿ 349 ಮೀಟರಿನ ಆಸುಪಾಸು. ಅದೇ ಪಂಖವನ್ನು ಕಾರ್ ಎಂಜಿನ್ನಿಗೆ ನೇರವಾಗಿ ಕಟ್ಟಿ 5,000 ಸುತ್ತು ಓಡಿಸಿದರೆ ತುದಿ ಶಬ್ದದ ವೇಗವನ್ನು ಎಂದೋ ದಾಟಿರುತ್ತದೆ. ಆಗ ಆರ್ಭಟವಿರುತ್ತದೆ, ನೂಕುಬಲವಿರುವುದಿಲ್ಲ. ಕಾರ್ ಎಂಜಿನ್ನಿಗೆ ಸುತ್ತು ಇಳಿಸುವ ರಿಡಕ್ಷನ್ ಗೇರ್ ಬೇಕೇ ಬೇಕು ಎನ್ನುವುದು ಇದಕ್ಕಾಗಿ.

ಇಷ್ಟೆಲ್ಲ ಹೊಗಳಿಯೂ ನಿಮಗೆ ವಿಮಾನದ ಎಂಜಿನ್ ಬೇಡವೆನ್ನುತ್ತೇನೆ. ಅದಕ್ಕೆ ಹೇಳಿ ಮಾಡಿಸಿದ ಏವ್‌ಗ್ಯಾಸ್ ಎಂಬ ವಿಮಾನದ ಪೆಟ್ರೋಲು ನಿಮ್ಮ ಬಂಕಿನಲ್ಲಿ ಸಿಗುವುದಿಲ್ಲ. ಬಂಕಿನ ಪೆಟ್ರೋಲಿನಲ್ಲಿ ಈಗ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ, ಹಳೆಯ ಎಂಜಿನ್ನಿನ ರಬ್ಬರ್ ಕೊಳವೆ ಮತ್ತು ಕಾರ್ಬ್ಯುರೇಟರಿನ ತೇಲುಗುಂಡಿಗೆ ಅದು ಒಗ್ಗುವುದಿಲ್ಲ. ಒಂದು ಸಿಲಿಂಡರ್ ಕೆಟ್ಟರೆ ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಅಷ್ಟು ದಿನ ನಿಮ್ಮ ದಂಡೆಯವರು ಮತ್ತೆ ಕೆಸರಿಗಿಳಿಯಬೇಕು.

ನಿಮಗೆ ಹೊಂದುವುದು ಎಥೆನಾಲ್ ಪೆಟ್ರೋಲಿಗೆಂದೇ ತಯಾರಾದ, ಅಲ್ಯುಮಿನಿಯಂ ಬ್ಲಾಕಿನ, 120ರಿಂದ 140 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಕಾರ್ ಎಂಜಿನ್, ಜೊತೆಗೆ 2.5ಕ್ಕೆ 1ರ ರಿಡಕ್ಷನ್. ಎಂಜಿನ್ 6,000 ಸುತ್ತು ತಿರುಗಿದಾಗ ಪಂಖ 2,400 ಸುತ್ತು ತಿರುಗುತ್ತದೆ, ತುದಿಯ ವೇಗ 230 ಮೀಟರಿಗೆ ಇಳಿಯುತ್ತದೆ, ಸದ್ದೂ ಇಳಿಯುತ್ತದೆ. ನೂಕುಬಲದ ಅಂದಾಜು ಹೀಗೆ: 72 ಇಂಚಿನ ಪಂಖಕ್ಕೆ 100 ಅಶ್ವಶಕ್ತಿ ಕೊಟ್ಟರೆ ಸಿದ್ಧಾಂತದ ಲೆಕ್ಕದಲ್ಲಿ 330 ಕಿಲೋ ನೂಕು ಬರಬೇಕು, ಕೈಗೆ ಸಿಗುವುದು ಅದರ ಮೂರರಲ್ಲಿ ಎರಡು ಪಾಲೆಂದು ಹಿಡಿದರೆ 220 ಕಿಲೋ. ಶಕ್ತಿ ಇಮ್ಮಡಿಯಾದರೆ ನೂಕು ಇಮ್ಮಡಿಯಾಗುವುದಿಲ್ಲ, ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತದೆ ಅಷ್ಟೇ. 300 ಅಶ್ವಶಕ್ತಿಯ ಸಲಹೆ ಕೊಟ್ಟವರು ಇದನ್ನು ಗಮನಿಸಿದಂತಿಲ್ಲ.

ನನ್ನ ತಪ್ಪಿನಿಂದ ಕಲಿತ ಒಂದು ಪಾಠವಿದೆ. ಹಿಂದೊಮ್ಮೆ 1,300 ಸಿ.ಸಿ.ಯ ಕಾರ್ ಎಂಜಿನ್ನಿಗೆ ಹಲ್ಲಿನ ಬೆಲ್ಟಿನ ಮೂಲಕ ಮರದ ಪಂಖ ಕಟ್ಟಿ ಗ್ಯಾರೇಜಿನ ಹಿಂದೆ ಓಡಿಸಿದ್ದೆ. ನಿಧಾನ ಓಟದಲ್ಲಿ ಡಬ್ಬಿಯೊಳಗೆ ಕಲ್ಲು ಕುಲುಕಿದಂತಹ ಸದ್ದು ಬರುತ್ತಿತ್ತು, ಇರಲಿ ಎಂದು ಬಿಟ್ಟೆ. ಇಪ್ಪತ್ತೇ ನಿಮಿಷದಲ್ಲಿ ಬೆಲ್ಟಿನ ಹಲ್ಲುಗಳು ಬಾಚಿದಂತೆ ಕಿತ್ತು ಬಂದವು. ನಾಲ್ಕು ಸಿಲಿಂಡರಿನ ಎಂಜಿನ್ ಸಮನಾಗಿ ತಿರುಗುವುದಿಲ್ಲ, ಒಂದೊಂದು ಸ್ಫೋಟಕ್ಕೂ ಜಗ್ಗಿ ಜಗ್ಗಿ ಬಿಡುತ್ತದೆ. ಭಾರದ ಪಂಖ ಆ ಜಗ್ಗಾಟವನ್ನು ಒಪ್ಪುವುದಿಲ್ಲ. ಎಂಜಿನ್ನಿಗೂ ಗೇರಿಗೂ ನಡುವೆ ರಬ್ಬರ್ ಕಪ್ಲಿಂಗ್ ಇಡದೆ ಓಡಿಸಬೇಡಿ. ರೇಡಿಯೇಟರನ್ನು ಪಂಖದ ಮುಂದೆ, ಗಾಳಿ ಹೀರುವ ದಾರಿಯಲ್ಲಿ ನಿಲ್ಲಿಸಿ. ಹೊಳೆಯ ನೀರನ್ನು ಎಂಜಿನ್ನಿಗೆ ಹಾಯಿಸುವ ಯೋಚನೆಯೇ ಬೇಡ, ನಿಮ್ಮ ಅಜ್ಜಿಯ ರಾತ್ರಿಯ ಕಥೆ ಮರುಕಳಿಸುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ತುಂಬಿರಲಿ ಇಲ್ಲವೇ ಪೂರ್ತಿ ಖಾಲಿಯಿರಲಿ. ಎಥೆನಾಲ್ ಗಾಳಿಯ ತೇವವನ್ನು ಹೀರಿ ತಳದಲ್ಲಿ ನೀರಾಗಿ ಕೂರುತ್ತದೆ.

ಹೊನ್ನಾವರದ ಬಲೆಗಾರ

ಹಿರಿಯರಿಬ್ಬರ ಮಾತಿಗೆ ಸ್ವಲ್ಪ ಅಡ್ಡ ಬರುತ್ತೇನೆ, ಮನ್ನಿಸಬೇಕು. ಫೈಬರ್ ದೋಣಿ ಸೀಳಿದರೆ ನಮ್ಮೂರಿನ ಹುಡುಗರು ರೆಸಿನ್ ಮತ್ತು ಮ್ಯಾಟ್ ಹಾಕಿ ಮರುದಿನ ನೀರಿಗಿಳಿಸುತ್ತಾರೆ. ಅಲ್ಯುಮಿನಿಯಂ ಬಿರುಕು ಬಿಟ್ಟರೆ ಆರ್ಗಾನ್ ವೆಲ್ಡಿಂಗ್ ತಿಳಿದವರನ್ನು ಹುಡುಕಿಕೊಂಡು ಹೋಗಬೇಕು. ಫೈಬರ್ ಒಡಲಿಗೇ ಆ ಪಾಲಿಥಿಲೀನ್ ಹಾಳೆ ಹೊದಿಸಿದರೆ ಚಿಪ್ಪಿನ ಭಯವೂ ತೀರುತ್ತದಲ್ಲವೇ?

ಇಳಿತದ ಹೊತ್ತಿನಲ್ಲಿ ಆ ಕೆಸರಿನಲ್ಲಿ ನೀವೊಬ್ಬರೇ ಇರುವುದಿಲ್ಲ. ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು ಬಗ್ಗಿಕೊಂಡೇ ಇರುತ್ತಾರೆ, ಹಿಂದಿನಿಂದ ಬರುವ ದೋಣಿಗೆ ಬ್ರೇಕಿಲ್ಲ. ಗೂಟಕ್ಕೆ ಕಟ್ಟಿದ ಬಲೆಗಳಿರುತ್ತವೆ. ದೋಣಿಯಲ್ಲಿ ಕೂತವರ ಸೆರಗು, ಕೊಡೆ, ಟೋಪಿ ಎಲ್ಲವನ್ನೂ ಪಂಖ ಹಿಂದಿನಿಂದ ಎಳೆಯುತ್ತದೆ, ಹಾಗಾಗಿ ಪಂಖದ ಸುತ್ತಲಿನ ಪಂಜರದ ಮುಂಭಾಗಕ್ಕೂ ಕೈ ತೂರದಷ್ಟು ಸಣ್ಣ ಕಣ್ಣಿನ ಜಾಲರಿ ಬೇಕು. ಅಘನಾಶಿನಿ ಅಳಿವೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಗಿದೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕರಾವಳಿ ನಿಯಂತ್ರಣ ವಲಯದ ಅತಿ ಬಿಗಿಯಾದ ವರ್ಗಕ್ಕೆ ಸೇರುತ್ತದೆ. ಯಾಂತ್ರಿಕ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ತಪಾಸಣೆ ಮತ್ತು ನೋಂದಣಿಯೂ ಬೇಕಾಗುತ್ತದೆ. ತಗಡು ಕೊಳ್ಳುವ ಮೊದಲು ಬಂದರು ಇಲಾಖೆಯ ಕಚೇರಿಗೆ ಹೋಗಿ ಬನ್ನಿ.

ಕೋಡಿಬಾಗ ದೋಣಿಕಟ್ಟೆ

ಬಲೆಗಾರರ ರಿಪೇರಿಯ ಮಾತು ನ್ಯಾಯವಾದದ್ದು. ಆದರೆ ಹಾಳೆಯ ಬೋಲ್ಟಿಗಾಗಿ ಫೈಬರ್ ತಳಕ್ಕೆ ಕೊರೆದ ಒಂದೊಂದು ರಂಧ್ರವೂ ನೀರು ಇಳಿಯುವ ಬಾಗಿಲು, ಅದಕ್ಕೇ ಹಿಂಜರಿಯುತ್ತೇನೆ.

ಗಜನಿಯವರೇ, ವಾದದಿಂದ ತೀರದ ಒಂದು ಸಂಗತಿಯನ್ನು ನೀವೇ ಅಳೆದು ತೀರಿಸಬಹುದು. ನಾಲ್ಕಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಹಲಗೆಗೆ ಮೂತಿ ಏರಿಸಿ, ಮೇಲೆ ಮರಳಿನ ಚೀಲ ಹೇರಿ ಒಟ್ಟು 100 ಕಿಲೋ ಮಾಡಿ. ಹಗ್ಗದ ನಡುವೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಕಟ್ಟಿ, ನಿಮ್ಮ ಧಕ್ಕೆಯ ಮುಂದೆಯೇ ಎಳೆದು ನೋಡಿ. ದೋಣಿಯ ಒಟ್ಟು ತೂಕದ ಶೇಕಡಾ ಎಷ್ಟು ನೂಕುಬಲ ನಿಮಗೆ ಬೇಕೆಂಬುದು ತಕ್ಕಡಿ ತೋರಿಸುವ ಅಂಕಿಯೇ.

ಮಾಣಿಕಟ್ಟಾ ಗಜನಿಯವ

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಅಮಾವಾಸ್ಯೆಯ ದೊಡ್ಡ ಇಳಿತಕ್ಕಾಗಿ ಕಾಯುತ್ತಿದ್ದೆ. ಹಲಗೆ ಎಳೆದೆವು. ಬರಿಯ ಪ್ಲೈವುಡ್ ತಳ ಹಸಿ ಕೆಸರಿನ ಮೇಲೆ ಓಡುತ್ತಿರುವಾಗ ತಕ್ಕಡಿ 28ರಿಂದ 30 ತೋರಿಸಿತು, ಹೊಯಿಗೆ ದಿಬ್ಬದ ಮೇಲೆ 50 ದಾಟಿತು. ಹಳೆಯ ಪಾಲಿಥಿಲೀನ್ ಹಾಳೆಯ ತುಂಡೊಂದು ಸಿಕ್ಕಿತ್ತು, ಅದನ್ನು ಬಡಿದ ಮೇಲೆ ಕೆಸರಿನಲ್ಲಿ 19ಕ್ಕೂ ದಿಬ್ಬದಲ್ಲಿ 38ಕ್ಕೂ ಇಳಿಯಿತು. ನಮ್ಮನ್ನು ಕಂಗೆಡಿಸಿದ್ದು ಬೇರೆ. ಚಹಾ ಕುಡಿಯಲೆಂದು ಅರ್ಧ ಗಂಟೆ ಹಲಗೆಯನ್ನು ಕೆಸರಿನಲ್ಲೇ ಬಿಟ್ಟು ಬಂದು ಎಳೆದರೆ ತಕ್ಕಡಿ 60ರವರೆಗೆ ಹೋಗಿ, ಬಾಟಲಿಯ ಬಿರಡೆ ಕಿತ್ತಂತೆ ಸದ್ದು ಮಾಡಿ ಹಲಗೆ ಎದ್ದಿತು.

ಒಟ್ಟು 900 ಕಿಲೋಗೆ ಲೆಕ್ಕ ಹಾಕಿದರೆ ಓಡುವುದಕ್ಕೆ 170 ಕಿಲೋ ನೂಕು ಸಾಕು, ಹಿಡಿದುಕೊಂಡ ಕೆಸರಿನಿಂದ ಏಳುವುದಕ್ಕೆ 540 ಬೇಕು. ಹಾಗಾದರೆ 300 ಅಶ್ವಶಕ್ತಿಯೆಂದವರೇ ಸರಿಯಾದರೇ?

ಶಿರಸಿ ಗ್ಯಾರೇಜು

ಇಲ್ಲ. 300 ಅಶ್ವಶಕ್ತಿಯಿಂದಲೂ ನಿಮಗೆ 460 ಕಿಲೋದಷ್ಟೇ ನೂಕು ಸಿಕ್ಕೀತು, ಅದನ್ನು ಹೊರುವ ತೂಕ ಬೇರೆ ಸೇರುತ್ತದೆ. 130 ಅಶ್ವಶಕ್ತಿಯಿಂದ 260 ಕಿಲೋ ಸಿಗುತ್ತದೆ. ಕೆಸರಿನಲ್ಲಿ ಓಡುತ್ತಿರುವುದಕ್ಕೆ ಅದು ಧಾರಾಳ, ದಿಬ್ಬವನ್ನು ಮಾತ್ರ ಬಳಸಿ ಹೋಗಬೇಕು, ಇಲ್ಲವೇ ಇಬ್ಬರನ್ನೂ ಸಾಮಾನನ್ನೂ ಇಳಿಸಿ ದಾಟಬೇಕು.

ಕೋಡಿಬಾಗ ದೋಣಿಕಟ್ಟೆ

ಕೆಸರು ಹೀರಿ ಹಿಡಿಯುವುದು ಗಾಳಿ ಒಳಗೆ ಹೋಗದಿರುವುದರಿಂದ. ಚುಕ್ಕಾಣಿಯನ್ನು ಎಡಬಲ ಮಾಡಿ ದೋಣಿಯ ಹಿಂಭಾಗವನ್ನು ಅಲ್ಲಾಡಿಸಿದರೆ ಅಂಚಿನಿಂದ ಗಾಳಿ ನುಗ್ಗಿ ಹಿಡಿತ ಬಿಡುತ್ತದೆ, ನೇರವಾಗಿ ಎಳೆಯುವಷ್ಟು ಬಲ ಅದಕ್ಕೆ ಬೇಡ. ಅದಕ್ಕಿಂತಲೂ ಸುಲಭದ ದಾರಿ ದೋಣಿಯನ್ನು ಕೆಸರಿನಲ್ಲಿ ನಿಲ್ಲಿಸದಿರುವುದು. ನಿಮ್ಮ ಧಕ್ಕೆಯ ಪಕ್ಕದಲ್ಲಿ ಅಡಿಕೆ ಮರದ ಸೀಳುಗಳನ್ನು ಅಡ್ಡಡ್ಡ ಹಾಸಿ ಒಂದು ಇಳಿಜಾರು ಮಾಡಿಸಿ, ದೋಣಿ ಯಾವಾಗಲೂ ಅದರ ಮೇಲೆಯೇ ಮೂತಿ ಹೊಳೆಯ ಕಡೆಗಿಟ್ಟು ನಿಂತಿರಲಿ. ಮುಂದಿನ ವಾರ ಆ ಹಲಗೆಯನ್ನೇ ಅಡಿಕೆ ಸೀಳಿನ ಮೇಲೆ ಅರ್ಧ ಗಂಟೆ ಇಟ್ಟು ಎಳೆದು, ತಕ್ಕಡಿ ಎಷ್ಟು ತೋರಿಸಿತೆಂದು ಇಲ್ಲಿ ಬರೆಯಿರಿ.