ಸಾವಿಲ್ಲದವನ ಪಟ್ಟೆ ಚಡ್ಡಿ

ನಮ್ಮ ಮೂರ್ತಿಯ ಎದುರು ದೇವರನ್ನು ಬೈಯಬಹುದು, ಸರ್ಕಾರವನ್ನು ಬೈಯಬಹುದು, ಸ್ವತಃ ಮೂರ್ತಿಯನ್ನೂ ಬೈಯಬಹುದು. ಕಾಮಿಕ್ಸ್ ವೀರ ಫ್ಯಾಂಟಮ್‌ನ ಜೊತೆಗಿರುವ ಡೆವಿಲ್‌ ಅನ್ನು ಮಾತ್ರ ನಾಯಿ ಎನ್ನುವಂತಿಲ್ಲ. ಶೀನಣ್ಣನಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಬೈಟೂ ಕಾಫಿ ಬಂದ ಕೂಡಲೇ ಕೇಳಿದ: "ನಿನ್ನ ಫ್ಯಾಂಟಮ್ ಸಾಕಿದ್ದು ಯಾವ ಜಾತಿಯ ನಾಯಿ?"

"ತೋಳ ಕಣಯ್ಯಾ, ತೋಳ!"

"1943ರಲ್ಲಿ ಬಂದ ಹದಿನೈದು ಕಂತಿನ ಸಿನಿಮಾದಲ್ಲಿ ಜರ್ಮನ್ ಶೆಫರ್ಡ್ ನಾಯಿಯೇ ಆ ಪಾತ್ರ ಮಾಡಿದೆಯಲ್ಲ? ಏಸ್ ಎಂದು ಅದರ ಹೆಸರು." ಶೀನಣ್ಣ ಮೊಬೈಲಿನಲ್ಲಿ ಹುಡುಕಿಕೊಂಡೇ ಬಂದಿದ್ದ.

"ಆ ಸಿನಿಮಾದಲ್ಲಿ ಫ್ಯಾಂಟಮ್ ಆಗಿದ್ದ ಟಾಮ್ ಟೈಲರ್ ಒಬ್ಬನನ್ನು ಒಪ್ಪುತ್ತೇನೆ, ನಾಯಿಯನ್ನಲ್ಲ," ಎಂದು ಮೂರ್ತಿ ತೀರ್ಪು ಕೊಟ್ಟ.

ಮೂರ್ತಿಯ ಈ ಭಕ್ತಿ ಇಂದುನಿನ್ನೆಯದಲ್ಲ. ಲೀ ಫಾಕ್ 1936ರ ಫೆಬ್ರುವರಿ 17ರಂದು ಅಮೆರಿಕದ ಪತ್ರಿಕೆಗಳಲ್ಲಿ ಹುಟ್ಟಿಸಿದ ಈ ಮುಸುಕುಧಾರಿ, 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್‌ ಹಿಡಿದು ನಮ್ಮಲ್ಲಿಗೆ ಬಂದ. ಮುಂದೆ ಕನ್ನಡವನ್ನೂ ಕಲಿತ. ಆ ಕಾಮಿಕ್ಸ್‌ನಲ್ಲಿ ಅವನ ನಾಡಿನ ಹೆಸರು ಡೆಂಕಾಲಿ. ಮೂಲದಲ್ಲಿ ಅದು 'ಬೆಂಗಾಲಿ' ಆಗಿತ್ತು. ಕಲ್ಕತ್ತೆಯವರು ಮುನಿಸಿಕೊಂಡಾರೆಂದೋ ಏನೋ, ಇಲ್ಲಿ ಬದಲಾಯಿಸಿದರು. ಮೂರ್ತಿ ಆ ಸಂಚಿಕೆಗಳನ್ನೆಲ್ಲ ಬೈಂಡ್ ಮಾಡಿಸಿ ಗಾಡ್ರೇಜ್ ಬೀರುವಿನಲ್ಲಿ ಇಟ್ಟಿದ್ದಾನೆ. ಹೆಂಡತಿಯ ಒಡವೆ ಮಂಚದ ಕೆಳಗಿನ ಟ್ರಂಕಿನಲ್ಲಿದೆ.

"ಹಾರುವುದಿಲ್ಲ, ಕಣ್ಣಿನಿಂದ ಬೆಂಕಿ ಬರುವುದಿಲ್ಲ. ಎರಡು ಪಿಸ್ತೂಲು, ಒಂದು ಕುದುರೆ. ಇವನು ಯಾವ ಸೀಮೆಯ ಸೂಪರ್‌ಹೀರೋ?" ಎಂದು ಶೀನಣ್ಣ ಕೆಣಕಿದ.

"ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. ಮೈಗಂಟಿದ ಉಡುಪು, ಕಣ್ಣಿನ ಪಾಪೆ ಕಾಣದ ಮುಖವಾಡ, ಎಲ್ಲ ನಮ್ಮವನೇ ಮೊದಲು ತೊಟ್ಟದ್ದು. ಅಲ್ಲದೆ, ಗುಂಡು ತಾಗಿದರೂ ಏನೂ ಆಗದವನಿಗೆ ಧೈರ್ಯದ ಅಗತ್ಯವಾದರೂ ಏನು? ಇವನು ಸಾಯುತ್ತಾನೆ. ಮಗ ಅದೇ ಉಡುಪು ತೊಡುತ್ತಾನೆ. ಲೋಕ ಮಾತ್ರ ಇವನಿಗೆ ಸಾವೇ ಇಲ್ಲ ಎಂದುಕೊಳ್ಳುತ್ತದೆ. ಮೊದಲನೆಯವನು ತಲೆಬುರುಡೆ ಮುಟ್ಟಿ ಪ್ರತಿಜ್ಞೆ ಮಾಡಿದ್ದು 1536ರಲ್ಲಿ. ಹಂಪಿಯಲ್ಲಿ ಆಗ ಅಚ್ಯುತರಾಯನ ಆಳ್ವಿಕೆ! ನಮ್ಮವನು ಇಪ್ಪತ್ತೊಂದನೆಯವನು."

ಖಜಾನೆ ಇಲಾಖೆಯಲ್ಲಿ ನಿವೃತ್ತಳಾದ ಸರೋಜಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು. "ನಾನೂರು ವರ್ಷಕ್ಕೆ ಇಪ್ಪತ್ತು ಜನ. ತಲೆಗೆ ಇಪ್ಪತ್ತು ವರ್ಷ ಸರ್ವಿಸ್. ಪೂರ್ತಿ ಪಿಂಚಣಿಯೂ ಸಿಗುವುದಿಲ್ಲ, ಪಾಪ."

ಚರ್ಚೆ ಬಣ್ಣಕ್ಕೆ ಬಂದಾಗ ಕಾಫಿ ಆರಿಹೋಯಿತು. ಫಾಕ್ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣ. 1939ರಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ಅದು ನೇರಳೆಯಾಗಿ ಅಚ್ಚಾಯಿತು. ಸ್ವೀಡನ್ನಿನಲ್ಲಿ ನೀಲಿ, ಇಟಲಿಯಲ್ಲಿ ಕೆಂಪು.

"ಹಸಿರು ಕಾಡಿನಲ್ಲಿ ನೇರಳೆ, ಇಲ್ಲವೇ ಕೆಂಪು! ಅಡಗಿಕೊಳ್ಳುವವನ ಲಕ್ಷಣವೇ ಇದು?" ಎಂದಳು ಸರೋಜಕ್ಕ.

"ಅವನೇಕೆ ಅಡಗಬೇಕು?" ಎಂದ ಮೂರ್ತಿ ತಕ್ಷಣ ಮಂಕಾದ. "ಬಣ್ಣ ಯಾವುದಾದರೂ ಇರಲಿ. 1996ರ ಸಿನಿಮಾದಲ್ಲಿ ಬಿಲ್ಲಿ ಝೇನ್ ಎಷ್ಟು ಚೆನ್ನಾಗಿ ನಕ್ಕ, ಎಷ್ಟು ಚೆನ್ನಾಗಿ ಕುದುರೆ ಏರಿದ! ಆದರೆ ಆ ಪಟ್ಟೆ ಚಡ್ಡಿಯನ್ನೇ ತೆಗೆದುಬಿಟ್ಟರಲ್ಲ! ಅರವತ್ತು ವರ್ಷ ಕಾಪಾಡಿಕೊಂಡು ಬಂದ ಚಡ್ಡಿ!"

ಪಕ್ಕದ ಮೇಜಿನವರು ತಿರುಗಿ ನೋಡಿದರು. ಮೂರ್ತಿಯ ದುಃಖ ಕಾರ್ಟೂನಿನತ್ತ ಹರಿಯಿತು. ಫ್ಯಾಂಟಮ್‌ಗೆ ಹತ್ತು ಹುಲಿಗಳ ಬಲ ಎಂಬುದು ಆ ಕಾಡಿನವರ ಹಳೆಯ ಗಾದೆ. 1986ರ 'ಡಿಫೆಂಡರ್ಸ್ ಆಫ್ ದಿ ಅರ್ಥ್' ಮಾಡಿದವರು ಗಾದೆಯನ್ನು ಅಕ್ಷರಶಃ ನಂಬಿದರು. ಅಲ್ಲಿ ಅವನು ಕಾಡಿನ ಧರ್ಮದ ಹೆಸರು ಹೇಳಿ ಕರೆದರೆ ಸಾಕು, ಹತ್ತು ಹುಲಿಗಳ ಬಲ ನಿಜವಾಗಿಯೇ ಮೈಯೊಳಗೆ ಬಂದು ಕೂರುತ್ತದೆ. "ವ್ಯಾಯಾಮ ಮಾಡಿ ಬೆಳೆಸಿದ ದೇಹಕ್ಕೆ ಎಂಥ ಅವಮಾನ!" 1994ರ 'ಫ್ಯಾಂಟಮ್ 2040'ರಲ್ಲಿ ಅವನು ಮಾಯವೂ ಆಗುತ್ತಾನೆ. ಇವೆರಡನ್ನೂ ಮೂರ್ತಿ ಒಂದು ಕಂತೂ ಬಿಡದೆ ನೋಡಿ ಮುಗಿಸಿದ್ದಾನೆ ಎಂಬುದನ್ನು ನಾನು ಇಲ್ಲಿ ದಾಖಲಿಸಬೇಕು. ಬೈಯುವುದಕ್ಕಾದರೂ ನೋಡಬೇಕಲ್ಲ.

"ಒಂದು ಮಾತು," ಎಂದಳು ಸರೋಜಕ್ಕ. "ಆ ಕಾಡಿನವರನ್ನು ಕಾಯಲು ನಾನೂರು ವರ್ಷ ಹೊರಗಿನ ಬಿಳಿಯನೇ ಬೇಕಾಯಿತೆ? ಆ ಕಾಡಿನವನೇ ಆದ ಗುರಾನ್ ಎಲ್ಲ ಬಲ್ಲವನು, ಕೊನೆಯವರೆಗೂ ಬರಿಯ ಗೆಳೆಯನಾಗಿಯೇ ಉಳಿದ."

ಮೂರ್ತಿ ತಡವರಿಸಿದ. "ಮುಂದೆ ಆ ದೇಶದ ಅಧ್ಯಕ್ಷನಾದ ಡಾಕ್ಟರ್ ಲುವಾಗಾ ಅಲ್ಲಿಯವನೇ..." ಎಂದು ತೇಲಿಸಿದ. ನಾನು ಸರೋಜಕ್ಕನ ಕಡೆ. ಆದರೂ ಪಪುವಾ ನ್ಯೂಗಿನಿಯ ಬೆಟ್ಟದ ಜನ ತಮ್ಮ ಯುದ್ಧದ ಗುರಾಣಿಗಳ ಮೇಲೆ ಇದೇ ಫ್ಯಾಂಟಮ್‌ನನ್ನು ಬರೆದುಕೊಂಡಿದ್ದರು ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಅವರು ನಮ್ಮನ್ನು ಕೇಳಿ ಬರೆದರೇ?

"ಪ್ರೇಯಸಿ ಡಯಾನಾಳನ್ನೂ ಕಾಯಿಸಿದ," ಎಂದು ಸರೋಜಕ್ಕ ಇನ್ನೊಂದು ಕಡತ ಬಿಚ್ಚಿದಳು. "1936ರಲ್ಲಿ ಪರಿಚಯ, 1977ರಲ್ಲಿ ಮದುವೆ. ಹೆಣ್ಣಿನ ಕಡೆಯವರು ಅದು ಹೇಗೆ ಸುಮ್ಮನಿದ್ದರು?"

"ಕಾಡಿನಲ್ಲಿ ಕೆಲಸವಿತ್ತು."

"ಸರಿ, ನಿನ್ನ ಬೀರುವಿನ ಇಪ್ಪತ್ತೆರಡನೆಯ ವಾರಸುದಾರ ಯಾರು? ಮಗ ಆ ಕಡೆ ತಿರುಗಿಯೂ ನೋಡುವುದಿಲ್ಲವಂತೆ. ಮಗಳು ಕೇಳುತ್ತಿದ್ದಾಳೆ."

"ಪರಂಪರೆ ಎಂದರೆ ತಂದೆಯಿಂದ ಮಗನಿಗೆ..."

"ಹದಿನೇಳನೆಯ ಫ್ಯಾಂಟಮ್ ಹಾಸಿಗೆ ಹಿಡಿದಾಗ ಆ ಉಡುಪು ತೊಟ್ಟು ಕೆಲಸ ಮಾಡಿದವಳು ಅವನ ಅವಳಿ ತಂಗಿ ಜೂಲಿ. ನಿನ್ನ ಮಗಳೇ ಹೇಳಿದಳು. ಬೀರುವಿನ ಬೀಗದ ಕೈ ಎಲ್ಲಿರುತ್ತದೆ ಎಂಬುದು ಅವಳಿಗೆ ಯಾವಾಗಲೋ ಗೊತ್ತು."

ಮೂರ್ತಿ ಬಹಳ ಹೊತ್ತು ಯೋಚಿಸಿದ. "ಕೈ ತೊಳೆದುಕೊಂಡು ಮುಟ್ಟಲಿ," ಎಂದ.