ಯೋಮ್ ಕಿಪ್ಪೂರ್: ಸಕ್ಕರೆ ಕಾಯಿಲೆಯ ಹಿರಿಯರು ಉಪವಾಸ ಬಿಡಲೊಪ್ಪದಿದ್ದರೆ?

ಪ್ರಶ್ನೆ

ಇಸ್ರೇಲಿನಲ್ಲಿ ಹಿರಿಯರ ಆರೈಕೆಗಿರುವ ಕರಾವಳಿಯವರು ಇಲ್ಲಿ ಬಹಳ ಮಂದಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಯಹೂದಿಗಳ ಉಪವಾಸದ ದಿನವಾದ ಯೋಮ್ ಕಿಪ್ಪೂರ್ 2026ರಲ್ಲಿ ಸೆಪ್ಟೆಂಬರ್ 20ರ ಸಂಜೆಯಿಂದ 21ರ ಕತ್ತಲಾಗುವವರೆಗೆ. 80 ದಾಟಿದ ಅಜ್ಜಿ, ಸಕ್ಕರೆ ಕಾಯಿಲೆ ಬೇರೆ. ಉಪವಾಸ ಬಿಡುವುದಿಲ್ಲ ಅಂತ ಹಟ. ಗುಟುಕು ನೀರು ಕುಡಿದರೂ ವ್ರತ ಕೆಟ್ಟಂತೆಯೇ?

ಉತ್ತರ 1

ಇದು ನಿರ್ಜಲ ಏಕಾದಶಿಯ ಹಾಗೆ, ಸುಮಾರು 25 ಗಂಟೆ ನೀರೂ ಇಲ್ಲ. ಆದರೆ ಜೀವಕ್ಕೆ ಅಪಾಯವಿದ್ದರೆ ತಿನ್ನಲೇಬೇಕು ಎನ್ನುವುದೂ ಅವರ ಧರ್ಮವೇ. 'ಪಿಕುವಾಖ್ ನೆಫೆಶ್' ಅನ್ನುತ್ತಾರೆ. ಈ ಮಾತು ನಿಮ್ಮ ಬಾಯಿಂದ ಬಂದರೆ ಅಜ್ಜಿ ಒಪ್ಪಲಿಕ್ಕಿಲ್ಲ. ವೈದ್ಯರ ಅಭಿಪ್ರಾಯ ಪಡೆದು, ಮನೆಯವರ ಮೂಲಕ ಅವರ ರಬ್ಬಿಯಿಂದಲೇ (ಯಹೂದಿ ಧರ್ಮಗುರು) ಹೇಳಿಸಿ.

ನಡುದಾರಿಯೂ ಇದೆ, 'ಶಿಯುರಿಮ್'. ಒಂದು ಕೆನ್ನೆ ತುಂಬುವಷ್ಟಕ್ಕಿಂತ ಕಡಿಮೆ ನೀರು ಕುಡಿದು, 9 ನಿಮಿಷ ಬಿಟ್ಟು ಮತ್ತೆ ಅಷ್ಟೇ. ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್. ಹಿಂದಿನ ದಿನವೇ ಅಳೆದು ಪುಟ್ಟ ಲೋಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದಿಡಿ. ತಿನ್ನುವುದಾದರೆ ಬೆಂಕಿಪೊಟ್ಟಣದ ಗಾತ್ರಕ್ಕಿಂತ ಕಡಿಮೆ, ಅಂತರ ಅಷ್ಟೇ. ಎಡವುವುದು ಇಲ್ಲೇ: ಬಾಯಾರಿ ಸುಸ್ತಾದ ಮೇಲೆ ಶುರುಮಾಡುತ್ತಾರೆ. ರಬ್ಬಿ ಒಪ್ಪಿದ್ದರೆ ಬೆಳಗ್ಗೆಯಿಂದಲೇ ಕೊಡಿ.

ಉತ್ತರ 2

ಶಿಯುರಿಮ್ ಎಲ್ಲರಿಗೂ ಸಾಲದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಇದ್ದರೆ ಹೊಟ್ಟೆ ಖಾಲಿಯಿದ್ದಾಗ ಸಕ್ಕರೆ ಧಡಕ್ಕನೆ ಇಳಿಯಬಹುದು. ಪ್ರಮಾಣ ಎಷ್ಟು ಇಳಿಸಬೇಕೆಂದು ವಾರ ಮೊದಲೇ ವೈದ್ಯರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ. ಅಳೆದಾಗ 70ಕ್ಕಿಂತ ಕೆಳಗಿದ್ದರೆ 9 ನಿಮಿಷದ ಲೆಕ್ಕ ಬಿಡಿ. ಎಚ್ಚರವಿದ್ದು ನುಂಗಬಲ್ಲರಾದರೆ ತಕ್ಷಣ 15 ಗ್ರಾಂ ಸಕ್ಕರೆ ಕದಡಿದ ನೀರು, 15 ನಿಮಿಷಕ್ಕೆ ಮತ್ತೆ ಅಳತೆ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಇಸ್ರೇಲಿನ ಆಂಬುಲೆನ್ಸ್ ಸಂಖ್ಯೆ 101ಕ್ಕೆ ಕರೆ ಮಾಡಿ. ಅದು ಅವತ್ತೂ ಓಡುತ್ತದೆ.

ಕಾಫಿ ಅಭ್ಯಾಸವಿದ್ದರೆ ವಾರ ಮೊದಲಿಂದ ದಿನಕ್ಕಿಷ್ಟು ಅಂತ ಇಳಿಸುತ್ತಾ ಬನ್ನಿ. ಅವತ್ತಿನ ತಲೆನೋವು ಎಷ್ಟೋ ಸಲ ಹಸಿವಿನದ್ದಲ್ಲ, ಕಾಫಿಯದ್ದು. ಉಪವಾಸಕ್ಕೆ ಮುಂಚಿನ ಊಟದಲ್ಲಿ ಉಪ್ಪು ಕಮ್ಮಿ ಇರಲಿ.

ಉತ್ತರ 3

ಬಸ್ಸಿಲ್ಲ, ಅಂಗಡಿಯಿಲ್ಲ. ಔಷಧಿ, ಮೀಟರಿನ ಪಟ್ಟಿ ಮೊದಲೇ ತಂದಿಡಿ. ಚರ್ಮದ ಚಪ್ಪಲಿ ನಿಷಿದ್ಧವೆಂದು ಕೆಲವರು ಬಟ್ಟೆಯ ಚಪ್ಪಲಿ ಹಾಕಿ ಜಾರಿ ಬೀಳುತ್ತಾರೆ. ಹಿಡಿತವಿರುವ ರಬ್ಬರ್ ತಳದ ಶೂ ಕೊಡಿ.

ಸಿನಗಾಗ್‌ಗೆ (ಅವರ ಪ್ರಾರ್ಥನಾ ಮಂದಿರ) ಒಂದೇ ಹೊತ್ತು ಒಯ್ಯಬಹುದಾದರೆ ಕೊನೆಯ ಪ್ರಾರ್ಥನೆ 'ನೆಯಿಲಾ'ಕ್ಕೆ ಒಯ್ಯಿರಿ. ಉಳಿದವರೆಲ್ಲ ನಿಂತಿರುತ್ತಾರೆ, ಅಶಕ್ತರು ಕೂರಬಹುದು. ಕೊನೆಗೆ ಶೋಫಾರ್ ಕೊಂಬಿನ ನಾದ. ಆಮೇಲೆ ಮನೆಯಲ್ಲಿ ದೀಪ ಹಿಡಿದು, ಪವಿತ್ರ ದಿನ ಮುಗಿಸುವ 'ಹವ್ದಾಲಾ' ವಿಧಿ ಮಾಡಿಯೇ ತಿನ್ನುವುದು ಪದ್ಧತಿ. ಸಕ್ಕರೆ ಇಳಿದಿದ್ದರೆ ಅದಕ್ಕೂ ಕಾಯಬೇಡಿ.