ಎಂಡೊಮೆಟ್ರಿಯೋಸಿಸ್: ಸಂಡಾಸ್‌ಗೆ ಕೂತರೆ ನೋವು, ಮೂತ್ರ ಪದೇಪದೇ. ಏನು ಮಾಡಬೇಕು?

ಮಸ್ಕಿ ಮಲ್ಲಿಗೆ (ಪ್ರಶ್ನೆ)

ನಮ್ಮ ತಂಗಿಗೆ 27, ಮದುವೆ ಆಗಿಲ್ಲ. ಎಂಡೊಮೆಟ್ರಿಯೋಸಿಸ್‌ಗೆ (ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೆ ಬೆಳೆಯೋ ಕಾಯಿಲೆ) ಡಯನೋಜೆಸ್ಟ್ ಅನ್ನೋ ಹಾರ್ಮೋನ್ ಗುಳಿಗೆ 2 ಮಿಗ್ರಾಂ ಶುರುವಾಗಿ ಎರಡು ತಿಂಗಳು. ಜೊತೆಗೆ ಕಬ್ಬಿಣಾಂಶದ ಗುಳಿಗೆ, ನೋವಿಗೆ ಮೆಫೆನಾಮಿಕ್ ಆಸಿಡ್. ಮುಟ್ಟು ಬಂದ ದಿನ ಭೇದಿ, ಉಳಿದಂತೆ ಮೂರು ದಿನಕ್ಕೊಮ್ಮೆ ಗಟ್ಟಿ ಸಂಡಾಸ್, ಕೂತರೆ ಒಳಗೆ ಚುಚ್ಚಿದಂಗೆ. ಮುಕ್ಕಾಲು ತಾಸಿಗೊಮ್ಮೆ ಮೂತ್ರ, ಕೊನೆಗೆ ಉರಿ. ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡೋದು), ಹೊಟ್ಟೆ ಸ್ಕ್ಯಾನಿಂಗ್ ಎರಡೂ ನಾರ್ಮಲ್. ಸೋಂಕು ಅಂತ ಆಂಟಿಬಯೋಟಿಕ್ ಕೊಡ್ತಾನೇ ಇದಾರೆ. ದಿನಾ ಸಿಂಧನೂರಿನಿಂದ ರಾಯಚೂರಿಗೆ ಬಸ್ಸು. ದಾರೀಲಿ ಒತ್ತಡ ಬಂದ್ರೆ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಇಸಬ್ಗೋಲ್ ಕೊಟ್ರೆ ಹೊಟ್ಟೆ ಇನ್ನೂ ಉಬ್ಬುತ್ತೆ. ಎಲ್ಲಿಂದ ಶುರು ಮಾಡೋದು?

ಹಗರಿ ದಂಡೆ

ಮಲ್ಲಿಗೆ ಅಕ್ಕಾ, ಮೊದಲು ನೀರು. ನೀರು ಬಿಟ್ಟರೆ ಮೂತ್ರ ಗಾಢವಾಗಿ ಚೀಲಕ್ಕೆ (ಮೂತ್ರಕೋಶಕ್ಕೆ) ಉರಿ ತರುತ್ತೆ, ಸಂಡಾಸ್ ಕಲ್ಲಾಗುತ್ತೆ. ಬಸ್ಸಿನ ಭಯಕ್ಕೆ ಮಾಡಿದ್ದೇ ಎರಡೂ ತೊಂದರೆ ಹೆಚ್ಚಿಸ್ತಿದೆ. ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಎರಡರಿಂದ ಎರಡೂವರೆ ಲೀಟರ್ ಬೇಕು. ಬಸ್ಸಿಗೆ ಒಂದು ತಾಸು ಮುಂಚೆ ನಿಲ್ಲಿಸಿ, ಇಳಿದ ಮೇಲೆ ಮತ್ತೆ ಗುಟುಕು ಗುಟುಕಾಗಿ ಶುರು ಮಾಡಲಿ.

ಮುಟ್ಟಿನ ಭೇದಿಗೆ ಕಾರಣ ಪ್ರೊಸ್ಟಾಗ್ಲಾಂಡಿನ್. ಗರ್ಭಕೋಶವನ್ನು ಹಿಂಡುವ ಅದೇ ರಾಸಾಯನಿಕ ಕರುಳನ್ನೂ ಹಿಂಡುತ್ತೆ. ಮೆಫೆನಾಮಿಕ್ ಅದನ್ನು ತಡೆಯುತ್ತೆ, ಆದರೆ ಊಟದ ಮೇಲೇ ತಗೋಬೇಕು, ನೋವು ಏರುವ ಮುಂಚೆಯೇ. ಕೆಲವರಿಗೆ ಈ ಗುಳಿಗೆಯಿಂದಲೇ ಭೇದಿ ಆಗುತ್ತೆ. ಗುಳಿಗೆ ನುಂಗಿದ ದಿನಾನೇ ಜಾಸ್ತಿ ಅನ್ನಿಸಿದರೆ ಬೇರೆಯದು ಕೇಳಿ. ನೀರಿಲ್ಲದ ಮೈಗೆ ಇದು ಮೂತ್ರಪಿಂಡಕ್ಕೂ ಒಳ್ಳೇದಲ್ಲ.

ಗಟ್ಟಿ ಸಂಡಾಸ್‌ಗೆ ಕಬ್ಬಿಣಾಂಶದ ಗುಳಿಗೆಯೂ ಒಂದು ಕಾರಣ. ದಿನ ಬಿಟ್ಟು ದಿನ ತಗೋಬಹುದಾ ಅಂತ ಡಾಕ್ಟರನ್ನ ಕೇಳಿ, ಹಾಗೆ ತಗೊಂಡರೂ ಮೈಗೆ ಹತ್ತುತ್ತೆ. ಇಸಬ್ಗೋಲ್ ನಾರು, ನೀರಿಲ್ಲದೆ ಕೊಟ್ಟರೆ ಉಬ್ಬೇ ಉಬ್ಬುತ್ತೆ. ಕರುಳು ಎಲ್ಲಾದರೂ ಕಿರಿದಾಗಿದ್ದರೆ ಅದು ಕೆಲಸಕ್ಕೂ ಬರಲ್ಲ, ತೊಂದರೆಯನ್ನೇ ಕೊಡುತ್ತೆ. ಅದರ ಬದಲು ಸಂಡಾಸ್ ಮೆತ್ತಗೆ ಮಾಡೋ ಪಾಲಿಇಥಿಲೀನ್ ಗ್ಲೈಕಾಲ್ ಪುಡಿ 17 ಗ್ರಾಂ, 240 ಮಿಲೀ ನೀರಿನಲ್ಲಿ ದಿನಕ್ಕೊಮ್ಮೆ. ಪರಿಣಾಮ ಕಾಣೋಕೆ ಒಂದರಿಂದ ಮೂರು ದಿನ, ಆಮೇಲೆ ಮೆತ್ತಗೆ ಆಗುವಷ್ಟಕ್ಕೆ ಹೆಚ್ಚು ಕಡಿಮೆ ಮಾಡಿ. ಲ್ಯಾಕ್ಟುಲೋಸ್ ಸಿರಪ್ ಗ್ಯಾಸ್ ಮಾಡುತ್ತೆ, ಬಿಸಾಕೊಡಿಲ್ ಹಿಂಡಿಸುತ್ತೆ. ಇವಳಿಗೆ ಎರಡೂ ಬೇಡ ಅಂತ ನನ್ನ ಅಭಿಪ್ರಾಯ.

ತಿಂಡಿಯಾಗಿ ಇಪ್ಪತ್ತು ನಿಮಿಷಕ್ಕೆ ಕರುಳು ತಾನಾಗೇ ಚುರುಕಾಗುತ್ತೆ. ಆಗ ಕೂರೋಕೆ ಪುರುಸೊತ್ತು ಇರುವಂಗೆ ಬೆಳಿಗ್ಗೆ ಇನ್ನೂ ಬೇಗ ಏಳಲಿ. ಕಮೋಡ್ ಇದ್ದರೆ ಕಾಲಡಿ ಒಂದು ಗೇಣೆತ್ತರದ ಮಣೆ. ತಿಣುಕಬಾರದು.

ಊಟದ ಬಗ್ಗೆ: ಜೋಳದ ರೊಟ್ಟಿ, ಮಂಡಕ್ಕಿ, ಶೇಂಗಾ ಸಾಮಾನ್ಯವಾಗಿ ತೊಂದರೆ ಕೊಡಲ್ಲ. ಉಬ್ಬಿಸೋದು ಈರುಳ್ಳಿ, ಬೆಳ್ಳುಳ್ಳಿ, ಕಡ್ಲೆಹಿಟ್ಟು, ಅಲಸಂದಿ, ಗೋಧಿ, ಹಾಲು. ಮೆಲ್ಬರ್ನಿನ ಮೊನ್ಯಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಲೋ ಫೋಡ್‌ಮ್ಯಾಪ್ ಪದ್ಧತಿ (ಕರುಳಲ್ಲಿ ಹುಳಿತು ಗ್ಯಾಸ್ ಮಾಡೋ ಸಕ್ಕರೆ ಅಂಶಗಳನ್ನು ಕಡಿಮೆ ಮಾಡೋದು) ಇದೇ. ಎರಡರಿಂದ ನಾಲ್ಕು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ಮೂರು ಮೂರು ದಿನ ತಿಂದು ನೋಡಬೇಕು. ಜೀವನಪೂರ್ತಿ ಬಿಡೋದಲ್ಲ. ಬೆಳ್ಳುಳ್ಳಿ ರುಚಿ ಬೇಕೇ ಬೇಕಂದ್ರೆ ಎಣ್ಣೆಯಲ್ಲಿ ಕೆಂಪಗೆ ಹುರಿದು ಎಸಳು ತೆಗೆದುಬಿಡಿ. ಉಬ್ಬಿಸುವ ಅಂಶ ಎಣ್ಣೆಗೆ ಇಳಿಯಲ್ಲ.

ರಕ್ತಪರೀಕ್ಷೆ ರಾಣಿ

ಮೂತ್ರದ ವಿಷಯ ನಾನು ಹೇಳ್ತೀನಿ. ಕಲ್ಚರ್ (ಮೂತ್ರದಲ್ಲಿ ರೋಗಾಣು ಬೆಳೆಯುತ್ತಾ ಅಂತ ನೋಡೋ ಪರೀಕ್ಷೆ) ಇಲ್ಲದೆ ಇನ್ನೊಂದು ಆಂಟಿಬಯೋಟಿಕ್ ಬೇಡ್ರಿ. ಕಲ್ಚರ್‌ಗೆ ಮೊದಲ ಧಾರೆ ಬಿಟ್ಟು ನಡುವಿನದ್ದು ಹಿಡಿಯಬೇಕು, ಗುಳಿಗೆ ಶುರು ಮಾಡೋ ಮುಂಚೆ. ಮುಟ್ಟಿನ ದಿನ ಕೊಟ್ಟರೆ ರಕ್ತ ಬೆರೆತು ರಿಪೋರ್ಟ್ ಕೆಡುತ್ತೆ. ಕಲ್ಚರ್‌ನಲ್ಲಿ ಏನೂ ಬೆಳೀದೆ, ಮುಟ್ಟಿನ ಸಮಯಕ್ಕೆ ಉರಿ ಏರುತ್ತಿದ್ದರೆ ಅದು ಚೀಲದ ಕಡೆಯ ಎಂಡೊಮೆಟ್ರಿಯೋಸಿಸ್ ಇರಬಹುದು, ಅಥವಾ ನೋವಿನ ಚೀಲ ಅನ್ನುವ ಬೇರೆ ತೊಂದರೆ.

ಮೂರು ದಿನ ಅಳತೆಯ ಮಗ್ಗಿನಲ್ಲಿ ಹಿಡಿದು ಬರೀರಿ: ಹೊತ್ತು, ಎಷ್ಟು ಮಿಲೀ, ಏನು ಕುಡಿದಿದ್ದು, ಒತ್ತಡ ಎಷ್ಟು. ಪ್ರತಿ ಸಲ ಬರೀ 80–100 ಮಿಲೀ ಆದರೆ ಚೀಲ ತುಂಬೋ ಮೊದಲೇ ಸಂಕೇತ ಕೊಡ್ತಿದೆ ಅಂತ. ಆಗ ಈಗಿನ ಅಂತರಕ್ಕೆ ವಾರಕ್ಕೆ 15 ನಿಮಿಷ ಸೇರಿಸ್ತಾ ಎರಡೂವರೆ, ಮೂರು ತಾಸಿನವರೆಗೆ ಹೋಗಬೇಕು. ಒತ್ತಡ ಬಂದಾಗ ಓಡದೆ ನಿಂತು ಹಿಮ್ಮಡಿ ಎತ್ತಿ ಇಳಿಸಿದರೆ ಅಲೆ ಇಳಿಯುತ್ತೆ. ಚಹಾ ಎರಡು ಕಪ್ಪಿಗೆ ಇಳಿಸಿ.

ಮಸ್ಕಿ ಮಲ್ಲಿಗೆ

ತುಂಬಾ ಉಪಯೋಗ ಆಯ್ತು. ಚೀಲ ಗಟ್ಟಿ ಆಗಲಿ ಅಂತ ಕೆಗೆಲ್ (ಕೆಳಹೊಟ್ಟೆಯ ತಳದ ಸ್ನಾಯು ಬಿಗಿಯೋ ವ್ಯಾಯಾಮ) ಮಾಡಿಸಲಾ?

ರಕ್ತಪರೀಕ್ಷೆ ರಾಣಿ

ಬೇಡ! ವರ್ಷಗಟ್ಟಲೆ ನೋವಿದ್ದವರಲ್ಲಿ ಬಹಳ ಸಲ ಆ ತಳದ ಸ್ನಾಯು ಸಡಿಲ ಆಗಿರಲ್ಲ, ಬಿಗಿದುಕೊಂಡೇ ಇರುತ್ತೆ. ಅದನ್ನೇ ಮತ್ತೆ ಬಿಗಿದರೆ ಸಂಡಾಸೂ ಮೂತ್ರವೂ ಇನ್ನೂ ಕಷ್ಟ. ಮಲಗಿ ಮೊಣಕಾಲು ಮಡಿಸಿ, ಉಸಿರು ಒಳಗೆ ಎಳೆದಾಗ ಹೊಟ್ಟೆ ಏರಲಿ, ಕೆಳಭಾಗ ಸಡಿಲ ಬಿಡಲಿ. ಐದು ನಿಮಿಷ, ದಿನಕ್ಕೆರಡು ಸಲ. ಈ ಸ್ನಾಯು ಗೊತ್ತಿರೋ ಫಿಸಿಯೋಥೆರಪಿಸ್ಟ್ ಸಿಕ್ಕರೆ ಇನ್ನೂ ಒಳ್ಳೇದು.

ಕೊಪ್ಪಳದ ಸ್ಕ್ಯಾನ್

ನಾರ್ಮಲ್ ರಿಪೋರ್ಟ್ ನಂಬಿ ಕೂರಬೇಡಿ. ಎಂಡೊಮೆಟ್ರಿಯೋಸಿಸ್ ಗಂಟು ಕರುಳಿನ ಹೊರಗೋಡೆಯಿಂದ ಒಳಕ್ಕೆ ಬೆಳೆಯುತ್ತೆ, ಕೊಲೊನೋಸ್ಕೋಪಿ ಒಳಗೋಡೆ ಮಾತ್ರ ನೋಡುತ್ತೆ. ಒಳಭಾಗದ (ಯೋನಿಯ ಮೂಲಕ ಮಾಡೋ) ಸ್ಕ್ಯಾನಿಂಗ್ ಮದುವೆಯಾಗದವರಿಗೆ ಮಾಡಲ್ಲ ಅಂತಾರೆ ಬಹಳ ಕಡೆ. ಹಾಗಾದರೆ ಎಂಆರ್‌ಐ ಕೇಳಿ, ಚೀಟಿಯಲ್ಲಿ "ಡೀಪ್ ಎಂಡೊಮೆಟ್ರಿಯೋಸಿಸ್, ಕರುಳು ಮತ್ತು ಮೂತ್ರಕೋಶ ನೋಡಿ" ಅಂತ ಬರೆಸಿ. ಬರೀ ಪೆಲ್ವಿಸ್ (ಕೆಳಹೊಟ್ಟೆ) ಅಂತಿದ್ದರೆ ಆ ಜಾಗ ಸರಿಯಾಗಿ ಹುಡುಕದೇ ಇರಬಹುದು. ಮೂತ್ರಪಿಂಡದ ಸ್ಕ್ಯಾನಿಂಗೂ ಇರಲಿ. ಗಂಟು ಮೂತ್ರನಾಳವನ್ನು ಒತ್ತಿದರೆ ನೋವೇ ಇಲ್ಲದೆ ಕಿಡ್ನಿ ಊದಿಕೊಳ್ಳಬಹುದು.

ಡಯನೋಜೆಸ್ಟ್ ಮೂರ್ನಾಲ್ಕು ತಿಂಗಳಾದರೂ ದಿನಾ ಒಂದೇ ಹೊತ್ತಿಗೆ ತಗೋಬೇಕು. ಅದು ಉರಿಯೂತ ಇಳಿಸುತ್ತೆ. ಆಗಲೇ ಗಾಯ ಗಟ್ಟಿಯಾಗಿ ಕರುಳು ಕಿರಿದಾಗಿದ್ದರೆ ಅದು ಗುಳಿಗೆಯಿಂದ ಬಿಡಲ್ಲ. ಸ್ತ್ರೀರೋಗ ಸರ್ಜನ್ ಜೊತೆ ಕರುಳಿನ ಸರ್ಜನ್ ಇರೋ ಕಡೆಗೇ ಹೋಗಬೇಕು.

ಹೊಟ್ಟೆ ಉಬ್ಬಿ, ವಾಂತಿ, ಗಾಳಿಯೂ ಹೋಗದಿದ್ದರೆ, ಇಲ್ಲವೇ ಮೂತ್ರವೇ ಬರದಿದ್ದರೆ, ಜ್ವರದ ಜೊತೆ ಬೆನ್ನ ಪಕ್ಕ ನೋವಿದ್ದರೆ, ಅದೇ ರಾತ್ರಿ ರಿಮ್ಸ್ (ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ತುರ್ತು ವಿಭಾಗಕ್ಕೆ.

ಹಗರಿ ದಂಡೆ

ಬಸ್ಸಿಗೆ ಒಂದು ಮಾತು: ಹತ್ತುವಾಗಲೇ ಕಂಡಕ್ಟರ್‌ಗೆ ಹೇಳಿಟ್ಟು ಮಾನ್ವಿ ಸ್ಟ್ಯಾಂಡಿನಲ್ಲಿ ಇಳಿದು ಹೋಗಿ ಬರಲಿ, ಒತ್ತಡ ಇರಲಿ ಬಿಡಲಿ. ಅಂತರ ಕಲಿಸೋ ನಿಯಮಕ್ಕೆ ಅದೊಂದು ರಿಯಾಯಿತಿ. ಭೇದಿ ದಿನಕ್ಕೆ ಭೇದಿ ತಡೆಯೋ ಗುಳಿಗೆ ಲೋಪೆರಮೈಡ್ 2 ಮಿಗ್ರಾಂ ಇಟ್ಟುಕೊಳ್ಳಬಹುದು. ಆದರೆ ರಕ್ತ, ಜ್ವರ ಇದ್ದರೆ ಬೇಡ, ಎಂಆರ್‌ಐನಲ್ಲಿ ಕಿರಿದು ಅಂತ ಬಂದರಂತೂ ಬೇಡವೇ ಬೇಡ.